ಗಿನಿಪಿಗ್ ಊಟ ಬಿಟ್ಟಾಗ ಏನು ಕೊಡೋದು? ಪ್ಯಾಕೆಟ್ ಪುಡಿ, ಮಿಕ್ಸಿ ಪೆಲೆಟ್, ರಾಗಿ ಗಂಜಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಯಾಕೆಟ್ ಪುಡಿಗೆ. ಊಟ ಬಿಟ್ಟ ಪ್ರಾಣಿಗೆ ನೀರಲ್ಲಿ ಕಲಸಿ ತಿನ್ನಿಸಲು ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಅಂತ ಬರುತ್ತದಲ್ಲ, ಅದಕ್ಕೆ. ಹೊರದೇಶದ ಮಾಲು, ದುಬಾರಿ, ಚಿಕ್ಕಬಳ್ಳಾಪುರದ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಆದರೂ ಅದಕ್ಕೇ. ಪೆಲೆಟ್ (ಗಿನಿಪಿಗ್ಗಿಗೆ ಅಂತಲೇ ಬರುವ ಒಣ ಆಹಾರದ ಗುಳಿಗೆ) ಅರೆದು ಮಾಡುವ ಪೇಸ್ಟು, ನಮ್ಮತ್ತೆಯವರ ರಾಗಿ ಗಂಜಿ, ಎರಡನ್ನೂ ಮಾಡಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಗುಂಡ ನಮ್ಮ ಮನೆಯ ಮೂರು ವರ್ಷದ ಗಿನಿಪಿಗ್. ಚೆನ್ನಾಗಿದ್ದಾಗ ಒಂದು ಕೆಜಿಗೆ ಸ್ವಲ್ಪ ಕಡಿಮೆ ತೂಗುತ್ತಿದ್ದ. ಯುಗಾದಿ ಕಳೆದ ಮೇಲೆ ಹುಲ್ಲಿನ ಕಡೆ ತಿರುಗಿ ನೋಡುವುದನ್ನೇ ಬಿಟ್ಟ. ಹಿಕ್ಕೆ ಸಣ್ಣದಾಯಿತು, ಒಣಗಿತು, ಆಮೇಲೆ ನಿಂತೇ ಹೋಯಿತು. ಇಲ್ಲಿನ ಪಶು ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿ, "ನಾನು ದಿನಾ ನೋಡೋದು ಹಸು, ಕುರಿ ಕಣಮ್ಮ. ಇದನ್ನ ಬೆಂಗಳೂರಿಗೆ ಕರ್ಕೊಂಡೋಗಿ, ತಡ ಮಾಡ್ಬೇಡಿ" ಎಂದು ನೇರವಾಗಿ ಹೇಳಿದರು. ಗೊತ್ತಿಲ್ಲದಿದ್ದರೂ ಒಂದು ಇಂಜೆಕ್ಷನ್ ಚುಚ್ಚಿ ಕಳಿಸುವವರೂ ಇರುತ್ತಾರೆ, ಹಾಗಾಗಿ ಆ ಮಾತು ನನಗೆ ದೊಡ್ಡದು.

ಬೆಂಗಳೂರಿನಲ್ಲಿ ಇಂಥ ಸಣ್ಣ ಪ್ರಾಣಿಗಳನ್ನೇ ನೋಡುವ ಡಾಕ್ಟ್ರು ಹಲ್ಲು ನೋಡಿದರು, ಎಕ್ಸ್‌ರೇ ತೆಗೆಸಿದರು. ಕರುಳಿನ ಓಟ ನಿಧಾನವಾಗಿದೆ, ಅಡ್ಡ ಏನೂ ಸಿಕ್ಕಿಕೊಂಡಿಲ್ಲ ಎಂದರು. ನೋವಿಗೆ ಒಂದು, ಕರುಳು ಓಡಿಸಲು ಒಂದು ಔಷಧಿ ಬರೆದರು. "ಔಷಧಿ ನಾನು ಕೊಟ್ಟಿದೀನಿ. ಹೊಟ್ಟೆಗೆ ಹಾಕೋದು ನಿಮ್ಮ ಕೆಲಸ, ರಾತ್ರಿನೂ ಬಿಡೋ ಹಾಗಿಲ್ಲ."

ಇದು ಯಾಕೆ ಇಷ್ಟು ಗಡಿಬಿಡಿಯ ಕೆಲಸ ಅಂದರೆ, ಗಿನಿಪಿಗ್ಗಿನ ಹೊಟ್ಟೆ ನಮ್ಮದರ ಹಾಗೆ ಒಪ್ಪೊತ್ತು ಮಾಡಿಕೊಂಡು ಇರುವಂಥದ್ದಲ್ಲ. ದೊಡ್ಡ ಕರುಳಿನ ಶುರುವಿನಲ್ಲಿ ಒಂದು ದೊಡ್ಡ ಚೀಲವಿದೆ, ಅದರಲ್ಲಿ ಬ್ಯಾಕ್ಟೀರಿಯಾಗಳು ಹುಲ್ಲಿನ ನಾರನ್ನು ಹುದುಗಿಸುತ್ತವೆ. ಹಿಂದಿನಿಂದ ನಾರು ಬರುತ್ತಿದ್ದರೆ ಮುಂದಿನದು ಸಾಗುತ್ತದೆ. ತಿನ್ನುವುದು ನಿಂತರೆ ಕರುಳು ನಿಧಾನ, ಒಳಗೆ ಗಾಳಿ, ನೋವು. ನೋವಿಗೆ ಮತ್ತೂ ತಿನ್ನುವುದಿಲ್ಲ. ಒಂದು ದಿನ ಪೂರ್ತಿ ಖಾಲಿ ಬಿಟ್ಟರೆ ಲಿವರಿಗೂ ಕೊಬ್ಬು ಏರಿ ಅಪಾಯ. ಅದಕ್ಕೆ ಸಿರಿಂಜಿನಲ್ಲಿ ತಿನ್ನಿಸಲೇಬೇಕು. ಹೊಟ್ಟೆ ತಮಟೆ ಥರ ಬಿಗಿದು ಉಬ್ಬಿದ್ದರೆ ಮಾತ್ರ ಬಲವಂತವಾಗಿ ಏನೂ ಹಾಕಬಾರದು, ಮೊದಲು ಡಾಕ್ಟ್ರ ಹತ್ತಿರ ಓಡಬೇಕು.

ಈಗ ಮೂರರ ವಿಷಯ.

ರಾಗಿ ಗಂಜಿಯನ್ನು ಬೇಗ ಮುಗಿಸುತ್ತೇನೆ. ಅತ್ತೆ ಬೆಂಗಳೂರಿಗೆ ಹೋಗುವ ಮೊದಲೇ ಒಲೆ ಮೇಲೆ ಇಟ್ಟಿದ್ದರು. "ಮೂಳೆ ಮುರಿದೋರನ್ನೇ ಎಬ್ಬಿಸಿ ಕೂರ್ಸುತ್ತೆ ರಾಗಿ, ಈ ಇಲಿಮರಿ ಯಾವ ಲೆಕ್ಕ?" ಸಿರಿಂಜಿನಲ್ಲಿ ಹೋಗುವ ವಿಷಯಕ್ಕೆ ಬಂದರೆ ಮೂರರಲ್ಲಿ ಅದೇ ಫಸ್ಟ್. ನುಣ್ಣಗೆ, ಒಂದೇ ಒಂದು ಸಲವೂ ಕಟ್ಟಿಕೊಳ್ಳದೆ ಜಾರುತ್ತದೆ. ತೊಂದರೆ ಇರುವುದೂ ಅಲ್ಲೇ. ಜಾರುವುದು ಪಿಷ್ಟ, ನಾರಲ್ಲ. ಮೊದಲೇ ನಿಂತ ಕರುಳಿಗೆ ಪಿಷ್ಟ ಹಾಕಿದರೆ ಅದು ಹುದುಗಿ ಗಾಳಿಯಾಗುತ್ತದೆ. ಜೊತೆಗೆ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಂ ದಾಟುತ್ತದೆ. ನಮಗೆ ಒಳ್ಳೆಯದು, ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಸ್ವಭಾವದ ಈ ಪ್ರಾಣಿಗೆ ಅಲ್ಲ. ಡಾಕ್ಟ್ರು ಬೇಡ ಅಂದರು, ಗಂಜಿ ನಾವೇ ಕುಡಿದೆವು. ಮೊಸರು ಕೊಡಿ ಎಂದವರ ಮಾತಂತೂ ಕೇಳಬೇಡಿ, ಹಾಲಿನ ಪದಾರ್ಥ ಅದಕ್ಕೆ ಸಲ್ಲ.

ಪುಡಿಯನ್ನು ಅವತ್ತೇ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಬೆಂಗಳೂರಿನ ಪಿನ್‌ಕೋಡಿಗೆ ನಾಳೆಯೇ ಬರುತ್ತದಂತೆ, ನಮ್ಮ ಪಿನ್‌ಕೋಡಿಗೆ ಬೇರೆಯೇ ಪಂಚಾಂಗ. ಆ ನಡುವೆ ಗುಂಡನ ಜೀವ ಹಿಡಿದಿದ್ದು ಮಿಕ್ಸಿ ಪೆಲೆಟ್. ಅದಕ್ಕೆ ಅದರ ಮರ್ಯಾದೆ ಕೊಡಲೇಬೇಕು. ಅವನು ದಿನಾ ತಿನ್ನುವ ಅದೇ ಹಸಿರು ಪೆಲೆಟ್, ಚಟ್ನಿ ಜಾರಿನಲ್ಲಿ ಒಣದಾಗಿಯೇ ಪುಡಿ ಮಾಡಿ ಉಗುರು ಬೆಚ್ಚಗಿನ ನೀರಿನಲ್ಲಿ ಕಲಸುವುದು. ಪೆಲೆಟ್ ಅಂದರೆ ಬರೀ ಪೆಲೆಟ್, ಬಣ್ಣಬಣ್ಣದ ಕಾಳು, ಬೀಜ ಬೆರೆಸಿದ ಮಿಕ್ಸ್ ಅಲ್ಲ. ಮೊಲದ ಪೆಲೆಟ್ಟೂ ಅಲ್ಲ, ಅದರಲ್ಲಿ ವಿಟಮಿನ್ ಸಿ ಸೇರಿಸಿರುವುದಿಲ್ಲ.

ಇದರ ರುಚಿ ಅವನಿಗೆ ಗೊತ್ತಿದ್ದದ್ದೇ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಸಿರಿಂಜು!

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದನ್ನು ಮೊದಲೇ ಯಾರೂ ನನಗೆ ಹೇಳಿರಲಿಲ್ಲ. ಮಿಕ್ಸಿ ಎಷ್ಟು ಹೊತ್ತು ಓಡಿಸಿದರೂ ಪೆಲೆಟ್‌ನ ನಾರು ಪೂರ್ತಿ ನುಣ್ಣಗಾಗುವುದಿಲ್ಲ. ಸಣ್ಣ ಸಣ್ಣ ಎಳೆಯಾಗಿ ಉಳಿಯುತ್ತದೆ. ಕಲಸಿದಾಗ ಮಜ್ಜಿಗೆಯಷ್ಟು ತೆಳ್ಳಗೆ ಕಾಣುವುದು ಹತ್ತು ನಿಮಿಷದಲ್ಲಿ ನೀರು ಕುಡಿದು ಊದಿಕೊಂಡು ಗಟ್ಟಿಯಾಗುತ್ತದೆ. ಸಿರಿಂಜಿನ ಮೂತಿಯ ತೂತು ಸೂಜಿ ಹಾಕಲು ಮಾಡಿದ್ದು. ಒಂದು ಎಳೆ ಅಡ್ಡ ಕೂತರೆ ಸಾಕು, ಅದರ ಹಿಂದೆ ಇನ್ನೊಂದು, ಮತ್ತೊಂದು. ಪಿಸ್ಟನ್ ಒತ್ತಿದರೆ ಬರೀ ಹಸಿರು ನೀರು ಬರುತ್ತದೆ, ನಾರು ಒಳಗೇ ಉಳಿಯುತ್ತದೆ. ಇನ್ನೂ ಜೋರಾಗಿ ಒತ್ತಿದರೆ ಕಟ್ಟಿದ್ದು ಫಟ್ ಅಂತ ಬಿಟ್ಟುಕೊಂಡು ಇದ್ದದ್ದೆಲ್ಲ ಒಂದೇ ಸಲ ಬಾಯಿಗೆ ಚಿಮ್ಮುತ್ತದೆ. ನನಗೆ ಎದೆ ಧಸಕ್ ಅಂದಿದ್ದು ಆಗ. ಗೋಡೆ ಹಾಳಾಗುವುದು ಇರಲಿ, ಪುಟ್ಟ ಬಾಯಿಗೆ ಅಷ್ಟು ಒಮ್ಮೆಗೇ ಹೋದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯ.

ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ? ಸಲೀಸಾಗಿ ಹೋಗುತ್ತದೆ. ಆದರೆ ಜಾಲರಿಯಲ್ಲಿ ಉಳಿಯುವುದೇ ಅವನ ಕರುಳಿಗೆ ಬೇಕಾದದ್ದು. ಸೋಸಿ ಕೊಟ್ಟರೆ ಮತ್ತೆ ಗಂಜಿಯ ಕಥೆಯೇ. ನೀರು ಹೆಚ್ಚು ಹಾಕಿದರೆ? ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ. ನಮ್ಮ ಡಾಕ್ಟ್ರ ಲೆಕ್ಕ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 50ರಿಂದ 80 ಮಿಲಿ, ಮೂರು ನಾಲ್ಕು ಗಂಟೆಗೊಮ್ಮೆ ಹಂಚಿ. ನೀರಾಗಿಸಿದರೆ ಆ 50 ಮಿಲಿಯಲ್ಲಿ ಆಹಾರ ಎಷ್ಟಿರುತ್ತದೆ?

ಮೆಡಿಕಲ್‌ ಸ್ಟೋರಿಗೆ ಹೋಗಿ ದೊಡ್ಡ ತೂತಿನ ಸಿರಿಂಜ್ ಕೇಳಿದೆ. "ಅಕ್ಕ, ಮಗೂಗಾ?" "ಇಲ್ಲಪ್ಪ, ಗಿನಿಪಿಗ್ಗಿಗೆ." ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ, ಮೂಗಿನ ನಳಿಕೆಯಲ್ಲಿ ರೋಗಿಗಳಿಗೆ ಊಟ ಕೊಡುವ 50 ಮಿಲಿ ಸಿರಿಂಜ್ ತಂದುಕೊಟ್ಟ. ತೂತು ದೊಡ್ಡದು, ಹೌದು. ಆದರೆ ಅದರ ಪಿಸ್ಟನ್ ಒಂದು ಗೆರೆ ಸರಿದರೂ ಇವನ ಬಾಯಿ ತುಂಬಿ ಹೋಗುತ್ತದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಐದಾರು ರೂಪಾಯಿಯ 1 ಮಿಲಿ ಸಿರಿಂಜೇ. ಮೂತಿಯನ್ನು ಬ್ಲೇಡಿನಲ್ಲಿ ಪೂರ್ತಿ ಕತ್ತರಿಸಿ, ಕೊಳವೆಯ ಬಾಯಿಯೇ ತೆರೆದಿರುವ ಹಾಗೆ ಮಾಡಿ, ಅಂಚನ್ನು ಉಗುರು ಉಜ್ಜುವ ಅರದಲ್ಲಿ ನಯ ಮಾಡಿದೆ. ಅಂಚು ನಯವಾಗಿದೆಯಾ ಅಂತ ನನ್ನ ತುಟಿಯ ಒಳಗೆ ಆಡಿಸಿ ನೋಡಿಕೊಂಡು ಆಮೇಲೆ ಅವನ ಬಾಯಿಗೆ. ಮುಂದಿನ ಹಲ್ಲಿನ ಹಿಂದೆ, ದವಡೆ ಹಲ್ಲಿಗೆ ಮುಂಚೆ ಪಕ್ಕದಲ್ಲಿ ಒಂದು ಖಾಲಿ ಜಾಗ ಇರುತ್ತದೆ, ಅಲ್ಲಿಂದ ಸ್ವಲ್ಪ ಸ್ವಲ್ಪ. ಅಗಿದು ನುಂಗಿದ ಮೇಲೆ ಇನ್ನೊಂದು ಚೂರು. ಅಂಗಾತ ಮಲಗಿಸಬಾರದು, ಟವೆಲ್ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳಬೇಕು.

ಇದರಲ್ಲಿ ಕಟ್ಟಿಕೊಳ್ಳುವುದು ನಿಂತಿತು, ಆದರೆ 1 ಮಿಲಿ ಅಂದರೆ ದಿನಕ್ಕೆ ಐವತ್ತು ಸಲ ತುಂಬಬೇಕು. ತೊಳೆದೂ ತೊಳೆದೂ ಪಿಸ್ಟನ್ನಿನ ರಬ್ಬರ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಯಜಮಾನರು ತುಂಬಿ ತುಂಬಿ ಸಾಲಾಗಿ ತಟ್ಟೆಯಲ್ಲಿ ಇಡುವುದು, ನಾನು ತಿನ್ನಿಸುವುದು, ಹಾಗೆ ರಾತ್ರಿ ಕಳೆದವು.

ಆಮೇಲೆ ಪುಡಿ ಬಂತು. ಅದರ ಮುಖ್ಯ ಸಾಮಾನೇ ಟಿಮೊಥಿ ಹುಲ್ಲಿನ ಪುಡಿ. ನಾರು ಇದೆ, ಆದರೆ ಒಂದೇ ಅಳತೆಗೆ ಅರೆದದ್ದು. ಒಂದು ಪಾಲು ಪುಡಿ, ಎರಡು ಪಾಲು ಬೆಚ್ಚಗಿನ ನೀರು, ಕಲಸಿ ಸ್ವಲ್ಪ ಬಿಟ್ಟರೆ ಇಡ್ಲಿ ಹಿಟ್ಟಿನ ಹದ. ಮೂತಿ ಕತ್ತರಿಸಿದ ಸಿರಿಂಜಿನಲ್ಲಿ ತಡೆಯಿಲ್ಲದೆ ಬರುತ್ತದೆ. ಕತ್ತರಿಸದ ಸಿರಿಂಜಿನಲ್ಲಿ ಇದೂ ಒಮ್ಮೊಮ್ಮೆ ಮುಷ್ಕರ ಹೂಡುತ್ತದೆ, ಸುಳ್ಳು ಹೇಳುವುದಿಲ್ಲ. ಕತ್ತರಿಸುವ ರಗಳೆಯೇ ಬೇಡ ಅನ್ನುವವರಿಗೆ ಫೈನ್ ಗ್ರೈಂಡ್ ಅಂತಲೇ ಇನ್ನೊಂದು ಬಗೆ ಬರುತ್ತದೆ, ಸಣ್ಣ ನಳಿಕೆಯಲ್ಲೂ ಹೋಗುವಷ್ಟು ನುಣ್ಣಗೆ. ತಾನಾಗಿ ನುಂಗುವ ಪ್ರಾಣಿಗೆ ದಪ್ಪ ಪುಡಿಯೇ ಇರಲಿ ಅಂತ ನನ್ನ ಅಭಿಪ್ರಾಯ. ನಮಗೆ ಬಂದದ್ದು ಸೋಂಪಿನ ವಾಸನೆಯದು. ಪ್ಯಾಕೆಟ್ ಬಿಚ್ಚಿದಾಗ ಹೋಟೆಲಿನಲ್ಲಿ ಬಿಲ್ ಕೊಡುವಾಗ ಇಡುವ ಬಟ್ಟಲು ನೆನಪಾಯಿತು. ಪೆಲೆಟ್ ಪೇಸ್ಟಿಗೆ ತಲೆ ಕೊಡವುತ್ತಿದ್ದ ಗುಂಡ, ಇದಕ್ಕೆ ಸಿರಿಂಜಿನ ತುದಿಯನ್ನೇ ಕಚ್ಚಿ ಎಳೆದ.

ದುಡ್ಡು? ಸಣ್ಣ ಪ್ಯಾಕೆಟ್ಟಿಗೇ ಸಾವಿರದ ಮೇಲೆ. ಅದೇ ದುಡ್ಡಿಗೆ ತಿಂಗಳುಗಟ್ಟಲೆ ಪೆಲೆಟ್ ಬರುತ್ತದೆ. ತರಿಸುವ ಮೊದಲು ಎಕ್ಸ್‌ಪೈರಿ ಡೇಟ್ ಕೇಳಿ. ನನಗೆ ಎರಡನೇ ಪ್ಯಾಕೆಟ್ ಕಳಿಸಿದ ಒಬ್ಬ ಸೆಲ್ಲರ್ ತಾರೀಕು ಮುಗಿಯುವ ಹೊಸ್ತಿಲಲ್ಲಿ ಇದ್ದದ್ದನ್ನು ಕಳಿಸಿದ್ದ, ವಾಪಸ್ ತೆಗೆದುಕೊಳ್ಳಲು ಪೊಲೀಸ್ ಸ್ಟೇಷನ್‌ನಲ್ಲಿ ಕೇಳುವಷ್ಟು ಪ್ರಶ್ನೆ ಕೇಳಿದ.

ವಿಟಮಿನ್ ಸಿ ವಿಷಯ ಎರಡೇ ಮಾತು. ನಮ್ಮ ಹಾಗೆ ಗಿನಿಪಿಗ್ಗಿಗೂ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳಲು ಬರುವುದಿಲ್ಲ. ಕುಡಿಯುವ ನೀರಿಗೆ ಬೆರೆಸುವ ಡ್ರಾಪ್ಸ್ ಬೆಳಕಿಗೆ ಬೇಗ ಕೆಡುತ್ತದೆ, ರುಚಿ ಬದಲಾದರೆ ನೀರನ್ನೇ ಮುಟ್ಟುವುದಿಲ್ಲ. ಡಾಕ್ಟ್ರು ಹೇಳಿದಷ್ಟನ್ನು ಸಿರಿಂಜಿನಲ್ಲೇ ಕೊಡಿ, ಹುಷಾರಾದ ಮೇಲೆ ದಪ್ಪ ಮೆಣಸಿನಕಾಯಿ ಸಾಕು.

ಔಷಧಿ ವಿಷಯ ಒಂದೇ, ಆದರೆ ಮುಖ್ಯ: ಮನೆಯಲ್ಲಿ ಮಕ್ಕಳಿಗೆ ತಂದಿಟ್ಟ ಅಮಾಕ್ಸಿಸಿಲಿನ್ ಸಿರಪ್ ಕಡೆ ಕೈ ಹಾಕಬೇಡಿ. ಬಾಯಲ್ಲಿ ಕೊಡುವ ಪೆನಿಸಿಲಿನ್ ಜಾತಿಯ ಔಷಧಿಗಳು ಇದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು, ಕೆಟ್ಟದ್ದು ಬೆಳೆದು, ಪ್ರಾಣವೇ ಹೋಗಬಹುದು.

ಹುಲ್ಲಿನಲ್ಲಿ ಮಾತ್ರ ಹೊರದೇಶದ್ದಕ್ಕೆ ನನ್ನ ಓಟಿಲ್ಲ. ಅವನಾಗಿ ಅಗಿಯಲು ಶುರು ಮಾಡಿದ್ದು ಟಿಮೊಥಿಯಿಂದಲ್ಲ, ಶಿಡ್ಲಘಟ್ಟದ ನಮ್ಮ ಚಿಕ್ಕಮ್ಮನ ಮನೆಯಿಂದ ಬಂದ ಹಿಪ್ಪುನೇರಳೆ ಸೊಪ್ಪಿನಿಂದ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪು, ಔಷಧಿ ಹೊಡೆದ ಸೊಪ್ಪು ಹಾಕಿದರೆ ಹುಳುವೇ ಸಾಯುತ್ತದೆ. ಹಾಗಾಗಿ ಮಾರ್ಕೆಟ್ಟಿನ ಕೊತ್ತಂಬರಿಗಿಂತ ನನಗೆ ಅದರ ಮೇಲೆ ನಂಬಿಕೆ. ಕುದುರೆ ಮಸಾಲೆ ಸೊಪ್ಪನ್ನು ಮಾತ್ರ ದೊಡ್ಡ ಗಿನಿಪಿಗ್ಗಿಗೆ ದಿನಾ ಹಾಕಬೇಡಿ, ಅದರಲ್ಲೂ ಕ್ಯಾಲ್ಸಿಯಂ ಜಾಸ್ತಿ. ಸೊಪ್ಪು ಬಾಯಿಗೆ ಆಸೆ ಹುಟ್ಟಿಸಲು, ಹೊಟ್ಟೆ ತುಂಬಬೇಕಾದದ್ದು ಒಣಹುಲ್ಲೇ. ರಾಗಿ ಹುಲ್ಲು ಅವನು ಮೂಸಿ ಬಿಟ್ಟ. ಅತ್ತೆಗೆ ಅದೂ ಬೇಜಾರು.

ಬೆಂಗಳೂರಿನಲ್ಲಿದ್ದು ಬೆಳಿಗ್ಗೆ ಆರ್ಡರ್ ಮಾಡಿದ್ದು ಸಂಜೆಗೆ ಬರುವವರು ಕಾಯಿಲೆ ಬಂದಾಗ ಪುಡಿ ಕೊಂಡರೂ ನಡೆಯುತ್ತದೆ. ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ಪ್ರಾಣಿ ತರುವಾಗಲೇ ಒಂದು ಪ್ಯಾಕೆಟ್ ತಂದು ಫ್ರಿಜ್ಜಿನಲ್ಲಿ ಇಡಿ. ಕೈ ಬಿಗಿ ಇದ್ದರೆ ಅರ್ಧ ಅರ್ಧ ಮಾಡಿ: ಮೊದಲ ಒಂದೆರಡು ದಿನ ಪುಡಿ, ಹಿಕ್ಕೆ ಮತ್ತೆ ಶುರುವಾದ ಮೇಲೆ ಪುಡಿಗೆ ಪೆಲೆಟ್ ಪೇಸ್ಟ್ ಬೆರೆಸಿ. ನಾನೂ ಕೊನೆಕೊನೆಗೆ ಹಾಗೇ ಮಾಡಿದ್ದು. ದಿನಾ ಒಂದೇ ಹೊತ್ತಿಗೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ. ತೂಕ ಇಳಿಯುವುದು ನಿಂತು, ತಾನಾಗಿ ಹುಲ್ಲು ಎಳೆಯುವವರೆಗೆ ಸಿರಿಂಜ್ ಬಿಡಬೇಡಿ. ಯಾವುದನ್ನೇ ಕೊಂಡರೂ 1 ಮಿಲಿ ಸಿರಿಂಜನ್ನು ಮಾತ್ರ ಡಜನ್ ಲೆಕ್ಕದಲ್ಲಿ ಕೊಳ್ಳಿ, ರಾತ್ರಿ ಎರಡು ಗಂಟೆಗೆ ರಬ್ಬರ್ ಹಿಡಿದುಕೊಂಡರೆ ಬಿ.ಬಿ. ರೋಡಿನಲ್ಲಿ ಯಾವ ಮೆಡಿಕಲ್ಲೂ ತೆಗೆದಿರುವುದಿಲ್ಲ.