ಜಿಮ್ ತಮ್ಮ, ಆನ್‌ಲೈನ್ ಕೋಚ್, ಫಿಸಿಯೋ ಮೇಡಂ: ಬಸುರಿ ಇದ್ದಾಗ ಮೂರೂ ನೋಡಿದೆ

ಮೊದ್ಲೇ ಹೇಳ್ಬಿಡ್ತೀನಿ, ನನಗೆ ಸಿಸೇರಿಯನ್ನೇ ಆಗಿದ್ದು. ಬಸುರಿ ಇದ್ದಾಗ ಕೋಚ್ ಹತ್ರ ಹೋಗ್ತಿದ್ದೆ ಅಂದ ತಕ್ಷಣ ಎಲ್ರೂ ಕೇಳೋದು ಅದೊಂದೇ, ನಾರ್ಮಲ್ ಆಯ್ತಾ ಅಂತ. ಮಗು ಕೊನೇ ತನಕ ಉಲ್ಟಾನೇ ಕೂತಿತ್ತು, ಅದಕ್ಕೆ ಯಾವ ಸ್ಕ್ವಾಟ್ ಏನ್ ಮಾಡುತ್ತೆ ಹೇಳ್ರಿ. ನಾರ್ಮಲ್ ಗ್ಯಾರಂಟಿ ಅಂತ ಯಾರಾದ್ರೂ ಪ್ಯಾಕೇಜ್ ಮಾರಿದ್ರೆ ಅಲ್ಲಿಂದ ಎದ್ದು ಬಂದ್ಬಿಡ್ರಿ. ನಾನಿಲ್ಲಿ ಹೇಳ್ತಿರೋದು ನಾಕನೇ ತಿಂಗಳಿಂದ ಹಿಡಿದು ಮೂರು ಜನಕ್ಕೆ ದುಡ್ಡು ಕೊಟ್ಟು ಏನ್ ಸಿಕ್ತು, ಏನ್ ಸಿಗ್ಲಿಲ್ಲ ಅನ್ನೋದು. ಡಾಕ್ಟರ್ ಮೊದ್ಲೇ ನೋಡಿ ಬ್ಲೀಡಿಂಗ್ ಇಲ್ಲ, ಬಿಪಿ ಸರಿ ಐತೆ, ಮಾಡ್ರಿ ಅಂದಿದ್ರು. ಅದಿಲ್ದೆ ಯಾರ ಹತ್ರನೂ ಹೋಗ್ಬೇಡ್ರಿ.

ಜಿಮ್ ನನಗೆ ಹೊಸದಲ್ಲ, ಎರಡು ವರ್ಷದಿಂದ ಹೋಗ್ತಿದ್ದೆ. ಫೀಸ್ 1,200, ಪರ್ಸನಲ್ ಟ್ರೈನಿಂಗ್ ಅಂದ್ರೆ ಮೇಲೆ 3,000. ಟ್ರೈನರ್ ಹುಡುಗ ನಮ್ಮ ತಮ್ಮನ ವಯಸ್ಸು, ಅಕ್ಕಾ ಅಕ್ಕಾ ಅಂತ ಭಾಳ ಕಾಳಜಿ. ತೊಂದ್ರೆ ಏನಂದ್ರೆ ಲೇಡೀಸ್ ಟೈಮ್ ಬೆಳಿಗ್ಗೆ 11ರಿಂದ ಮಧ್ಯಾಹ್ನ 4, ಜಿಮ್ ಮೂರನೇ ಮಹಡಿ, ಮೇಲೆ ತಗಡು. ಬಳ್ಳಾರಿಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತೆ ಕಡು ಬೇಸಿಗೆ ಅಂತ ನಾವೇ ನಗಾಡ್ತೀವಲ್ಲ, ಫೆಬ್ರವರಿ ಮುಗಿಯೋಷ್ಟ್ರಲ್ಲಿ ಆ ತಗಡಿನ ಕೆಳಗೆ ಬರೀ ನಿಂತ್ರೂ ಬೆವರು ಇಳೀತಿತ್ತು. ಬಸುರಿಗೆ ಮೈ ಕಾಯೋದು ಒಳ್ಳೇದಲ್ಲ, ಬಿಸಿಲಲ್ಲಿ, ಗಾಳಿ ಆಡದ ಜಾಗದಲ್ಲಿ ವರ್ಕೌಟ್ ಬೇಡ ಅಂತ ಎಲ್ಲಾ ಡಾಕ್ಟರೂ ಹೇಳ್ತಾರೆ, ಆದ್ರೆ ಜಿಮ್ ಟೈಮ್‌ಟೇಬಲ್ ಮಾಡೋರಿಗೆ ಅದ್ಯಾರು ಹೇಳ್ಬೇಕು.

ಈ ತಮ್ಮ ಹೆದರ್ಬೇಕಾದ ಕಡೆ ಹೆದರ್ಲಿಲ್ಲ, ಹೆದರಬಾರದ ಕಡೆ ಹೆದರಿದ. ಮುಂಚೆ ಎಂಟೆಂಟು ಕೆಜಿ ಡಂಬೆಲ್ ಎತ್ತುತ್ತಿದ್ದೋಳ ಕೈಗೆ ಒಂದು ಕೆಜಿದು ಕೊಟ್ಟ, ವಾಚ್ ನೋಡ್ಕೊಂಡು ಹಾರ್ಟ್ ರೇಟ್ 140 ದಾಟಬಾರದು ಅಂತ ಟ್ರೆಡ್‌ಮಿಲ್ ಪಕ್ಕಾನೇ ನಿಂತಿರೋನು. ಅದೇ ಐದು ತಿಂಗಳು ದಾಟಿದ ಮೇಲೂ ಬೆಂಚ್ ಮೇಲೆ ಅಂಗಾತ ಮಲಗಿಸಿ ಚೆಸ್ಟ್ ಪ್ರೆಸ್ ಮಾಡಿಸ್ತಿದ್ದ. ಒಂದಿನ ಎಂಟನೇ ಸಲ ಎತ್ತೋವಾಗ ಕಣ್ಣು ಕತ್ತಲೆ ಬಂತು. ಹೊಟ್ಟೆ ಭಾರ ಬೆನ್ನುಮೂಳೆ ಮುಂದಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ವಾಪಸ್ ಹೋಗೋ ರಕ್ತ ಕಮ್ಮಿ ಆಗುತ್ತಂತೆ, ಅದಕ್ಕೇ ಹೊಟ್ಟೆ ಬೆಳೆದ ಮೇಲೆ ಜಾಸ್ತಿ ಹೊತ್ತು ಅಂಗಾತ ಮಲಗ್ಬಾರದು ಅನ್ನೋದು. ಪಾಪ ಅವನಿಗೆ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.

ಆಮೇಲೆ ಬೆಂಗಳೂರಿನ ಆನ್‌ಲೈನ್ ಕೋಚ್. ತಿಂಗಳಿಗೆ 12 ಸೆಷನ್, 6,500. ವಿಷಯ ಗೊತ್ತಿರೋದ್ರಲ್ಲಿ ಇವರನ್ನ ಮೀರ್ಸೋರಿಲ್ಲ. 140ರ ಲೆಕ್ಕ ಕೇಳಿ ನಕ್ರು, ಅದು 1985ರಲ್ಲಿ ಅಮೆರಿಕದ ಪ್ರಸೂತಿ ಡಾಕ್ಟರ್‌ಗಳ ಸಂಘ ಹೇಳಿದ್ದು, 1994ರಲ್ಲಿ ಅವರೇ ಕೈಬಿಟ್ರು, ಇನ್ನೂ ಜಿಮ್‌ಗಳಲ್ಲಿ ಅದೇ ಓಡ್ತಿದೆ ಅಂತ. ಈಗಿನ ಅಳತೆ ಸುಲಭ, ಮಾಡ್ತಾ ಮಾಡ್ತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ಏದುಸಿರು ಸಾಕು. ವಾರಕ್ಕೆ ಒಟ್ಟು 150 ನಿಮಿಷ ಆದ್ರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ಕೂಡ ಇವರಿಂದಾನೇ ಗೊತ್ತಾಗಿದ್ದು, ಅಂದ್ರೆ ದಿನಕ್ಕೆ ಅರ್ಧ ಗಂಟೆ ಥರ ಐದು ದಿನ, ಬಿರುಸಿನ ನಡಿಗೆನೂ ಲೆಕ್ಕಕ್ಕೆ ಬರುತ್ತೆ. ಬೆಳಿಗ್ಗೆ ಆರಕ್ಕೇ ಕೋಟೆ ಗುಡ್ಡದ ಕಡೆ ಒಂದು ಸುತ್ತು ಹೋಗಿ ಬರೋದು ಶುರು ಮಾಡಿದ್ದು ಆಗ್ಲೇ.

ಆದ್ರೆ ಫೋನ್ ನಿಲ್ಸಿದ್ದು ಜೋಳದ ಹಿಟ್ಟಿನ ಡಬ್ಬಕ್ಕೆ ಆನಿಸಿ. ಅವರಿಗೆ ಕಾಣೋದು ನನ್ನ ಅರ್ಧ ಮೈ. ಕರೆಂಟ್ ಹೋದ್ರೆ ವೈಫೈ ಹೋಯ್ತು. ಮಾವ ಹಾಲ್‌ನಲ್ಲಿ ಪೇಪರ್ ಓದ್ತಿರ್ತಾರೆ, ಇತ್ಲಾಗೆ ಸ್ಪೀಕರಲ್ಲಿ ಈಯಮ್ಮ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆ ತಳದ ಸ್ನಾಯು) ಮೇಲಕ್ಕೆ ಎಳ್ಕೊಳ್ಳಿ, ಮೂತ್ರ ತಡೆಯೋ ಥರ ಹಿಡೀರಿ, ಬಿಡಿ ಅಂತ ಜೋರಾಗಿ ಹೇಳೋರು. ಇಯರ್‌ಫೋನ್ ಇಲ್ದೆ ಈ ಕ್ಲಾಸಿಗೆ ಕೂರ್ಬೇಡ್ರಿ. ಅತ್ತೆ ಒಂದಿನ ಬಾಗಿಲಲ್ಲಿ ನಿಂತು ನೋಡಿ, "ಯವ್ವಾ, ರೊಟ್ಟಿ ಬಡಿಯೋದು ಬಿಟ್ಟು ಗೋಡೆ ಯಾಕ ನೂಕ್ತೀಯೇ" ಅಂದ್ರು. ಆರನೇ ತಿಂಗಳಲ್ಲಿ ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಿಸಿ ಕೆಳಗಿಳಿಯೋದು) ಮಾಡಿಸಿದ್ರು, ಮಾರನೇ ದಿನದಿಂದ ಸೊಂಟದ ಕೆಳಗೆ ಬಲಗಡೆ ಒಂದೇ ಜಾಗದಲ್ಲಿ ಚುಚ್ಚೋದು. ಸ್ಟ್ರೆಚ್ ಮಾಡಿ ಹೋಗುತ್ತೆ ಅಂದ್ರು, ಹೋಗ್ಲಿಲ್ಲ.

ಈ ನೋವಿಗೇ ಆಸ್ಪತ್ರೆ ಸಿಸ್ಟರ್ ಒಬ್ರು ಹೇಳಿ ಫಿಸಿಯೋ (ಫಿಸಿಯೋಥೆರಪಿ ಮಾಡೋ) ಮೇಡಂ ಹತ್ರ ಹೋದೆ. ಒಂದ್ಸಲಕ್ಕೆ 500, ಹದಿನೈದು ದಿನಕ್ಕೊಮ್ಮೆ. ಮೊದಲ್ನೇ ದಿನ ಒಂದು ವ್ಯಾಯಾಮನೂ ಮಾಡಿಸ್ಲಿಲ್ಲ, ನನಗೆ ಸಿಟ್ಟೇ ಬಂತು. ತಾಯಿ ಕಾರ್ಡ್ ತಂದೀರಾ ಅಂದ್ರು. ಮಂಚದ ಮೇಲೆ ಮಲಗಿ ಮಗ್ಗಲು ಬದಲಿಸ್ರಿ ಅಂದ್ರು, ಎದ್ದು ತೋರಿಸ್ರಿ ಅಂದ್ರು, ಚಪ್ಪಲಿ ಹೆಂಗೆ ಹಾಕ್ಕೊಂತೀರಿ ಅಂದ್ರು, ಲಂಗ ನಿಂತ್ಕೊಂಡು ಹಾಕ್ತೀರಾ ಕೂತ್ಕೊಂಡಾ ಅಂತ ಕೂಡ ಕೇಳಿದ್ರು. ಒಂಟಿ ಕಾಲ ಮೇಲೆ ಭಾರ ಬೀಳೋದು ಏನೇ ಇದ್ರೂ ಸೊಂಟದ ಆ ಕೀಲಿಗೆ ಕಷ್ಟ, ಲಂಜೂ ಅದೇ, ಲಂಗನೂ ಅದೇ. ಮಗ್ಗಲು ಬದಲಿಸೋವಾಗ ಎರಡು ಮೊಣಕಾಲು ಜೋಡಿಸ್ಕೊಂಡು ಒಟ್ಟಿಗೆ ಹೊರಳಿ, ಏಳೋವಾಗ ಮಗ್ಗುಲಾಗಿ ಕೈ ಊರಿ ಏಳಿ, ಮಲಗೋವಾಗ ಮೊಣಕಾಲ ನಡುವೆ ದಿಂಬು. ಅಷ್ಟೇ. ಹತ್ತು ದಿನದಲ್ಲಿ ರಾತ್ರಿ ನೋವು ಅರ್ಧ ಇಳೀತು.

ನನಗೆ ಮೂವರ ವ್ಯತ್ಯಾಸ ಸರಿಯಾಗಿ ಕಂಡಿದ್ದು ಬೇರೆ ವಿಷಯದಲ್ಲಿ, ಏದುಸಿರು. ಜಿಮ್ ಮೆಟ್ಲು ಹತ್ತಿದ್ರೆ ಉಸಿರು ಸಿಕ್ಕಾಕೊಳ್ತಿತ್ತು. ಜಿಮ್ ತಮ್ಮ ಸ್ಟ್ಯಾಮಿನಾ ಕಮ್ಮಿ ಆಗೈತೆ ಅಕ್ಕ ಅಂತ ಟ್ರೆಡ್‌ಮಿಲ್ ಐದು ನಿಮಿಷ ಜಾಸ್ತಿ ಮಾಡಿದ. ಆನ್‌ಲೈನ್ ಕೋಚ್ ಈ ಟೈಮಲ್ಲಿ ಅದು ಕಾಮನ್ ಅಂತ ಬ್ರೀತಿಂಗ್ ಹೇಳಿಕೊಟ್ರು, ಅವರ ತಪ್ಪೂ ಪೂರ್ತಿ ಅಲ್ಲ, ಫಾರ್ಮಲ್ಲಿ ನಾನು ಬರೆದಿದ್ದು ಮೂರನೇ ತಿಂಗಳ ಹಳೇ ರಿಪೋರ್ಟು, ಹೆಚ್‌ಬಿ (ಹಿಮೋಗ್ಲೋಬಿನ್) 11.2 ಅಂತ. ಫಿಸಿಯೋ ಮೇಡಂ ಕೆಳಗಿನ ರೆಪ್ಪೆ ಎಳೆದು ನೋಡಿ ಮೊದ್ಲು ರಕ್ತ ಟೆಸ್ಟ್ ಮಾಡಿಸ್ಕೊಂಡು ಡಾಕ್ಟರ್‌ಗೆ ತೋರ್ಸಿ, ಆಮೇಲೆ ನನ್ನ ಹತ್ರ ಬರ್ರಿ ಅಂತ ವಾಪಸ್ ಕಳಿಸಿದ್ರು. 9.4 ಇತ್ತು. ಬಸುರಿಗೆ 11ಕ್ಕಿಂತ ಕೆಳಗಿದ್ರೆ ರಕ್ತ ಕಮ್ಮಿ ಅಂತಾನೇ ಲೆಕ್ಕ. ನಾನು ಮಹಾ ಬುದ್ಧಿವಂತೆ, ಐರನ್ನು ಕ್ಯಾಲ್ಸಿಯಂ ಎರಡೂ ಮಾತ್ರೆ ಒಟ್ಟಿಗೆ ನುಂಗಿ ಮೇಲೆ ಒಂದು ಟೀ ಕುಡೀತಿದ್ದೆ, ಹಂಗೆ ಮಾಡಿದ್ರೆ ಐರನ್ ಮೈಗೆ ಹತ್ತೋದು ಕಮ್ಮಿ. ಡಾಕ್ಟರ್ ಡೋಸ್ ಬದಲಿಸಿ, ಐರನ್ ಬೇರೆ ಹೊತ್ತಿಗೆ ನಿಂಬೆಹಣ್ಣಿನ ನೀರಿನ ಜತೆ ಅಂದ್ರು. ಐದು ವಾರಕ್ಕೆ 10.6.

ಏಪ್ರಿಲಲ್ಲಿ ಕುಬಸ (ಸೀಮಂತ) ಆಯ್ತು, ಸಿರುಗುಪ್ಪದ ತವರಿಗೆ ಹೊರಟೆ. ಇದನ್ನ ಫೀಸ್ ಕಟ್ಟೋಕೆ ಮುಂಚೆ ಲೆಕ್ಕ ಹಾಕ್ರಿ, ಚೊಚ್ಚಲು ಅಂದ್ರೆ ಏಳನೇ ತಿಂಗಳಿಗೆ ಊರು ಬಿಡೋದು ನಮ್ಮಲ್ಲಿ ಗ್ಯಾರಂಟಿ, ನಾನು ಜಿಮ್ಮಿಗೆ ಆರು ತಿಂಗಳದು ಒಟ್ಟಿಗೆ ಕಟ್ಟಿ ಅರ್ಧ ಕಳ್ಕೊಂಡೆ. ಅಲ್ಲಿ ಆನ್‌ಲೈನ್ ಒಂದೇ ಉಳೀತು, ನೋವಿನ ವಿಷಯ ಬಿಡಿಸಿ ಹೇಳಿದ ಮೇಲೆ ಆ ಕೋಚ್ ಲಂಜ್ ಎಲ್ಲಾ ತೆಗೆದು ಕುರ್ಚಿ ಹಿಡ್ಕೊಂಡು ಮಾಡೋದಷ್ಟೇ ಇಟ್ರು, ಮೇ ತಿಂಗಳ ಸೆಕೆಲಿ ಬೆಳಿಗ್ಗೆ ಆರೂವರೆಗೇ ಕ್ಲಾಸ್ ಕೊಟ್ರು. ಅದಕ್ಕೆ ಅವರಿಗೆ ಫುಲ್ ಮಾರ್ಕ್ಸ್.

ದುಡ್ಡು ಒಬ್ಬರಿಗೇ ಅಂದ್ರೆ ನಾನು ಫಿಸಿಯೋಗೆ ಕೊಡ್ತೀನಿ, ನಾಕೈದು ಸಲ ಹೋದ್ರೆ ಸಾಕು, ಉಳಿದಿದ್ದು ನಡಿಗೆ. ಮೊದಲಿಂದ ಜಿಮ್ ಅಭ್ಯಾಸ ಇರೋರು, ಬೆಳಿಗ್ಗೆ ಬ್ಯಾಚ್ ಸಿಕ್ರೆ, ಟ್ರೈನರ್‌ಗೆ ಬಸುರಿ ವಿಷಯ ಕಲಿತು ಗೊತ್ತಿದ್ರೆ ಬಿಡೋದೇನೂ ಬೇಡ. ಮೊದಲ್ನೇ ದಿನಾನೇ ಏನೂ ಕೇಳ್ದೆ ಕುಣಿಸೋಕೆ ಶುರು ಮಾಡಿದ್ರೆ ಮಾತ್ರ ಬೇಡ.

ಮೇಡಂ ಚೀಟಿ ಹಿಂದೆ ಬರೆದುಕೊಟ್ಟಿದ್ದನ್ನ ಅಮ್ಮ ಅಲ್ಮೆರಾ ಬಾಗಿಲಿಗೆ ಅಂಟಿಸಿದ್ಲು: ರಕ್ತ ಕಂಡ್ರೆ, ಗರ್ಭದ ನೀರು ಹೋದ್ರೆ, ಎದೆ ನೋವು, ತಲೆ ಸುತ್ತು, ಒಂದೇ ಮೀನಖಂಡ ಊದಿ ನೋವು ಬಂದ್ರೆ, ಹೊಟ್ಟೆ ಮತ್ತೆ ಮತ್ತೆ ಬಿಗಿದ್ರೆ ನಿಲ್ಸಿ, ಡಾಕ್ಟರ್‌ಗೆ ಫೋನ್. ಪಾಪುಗೆ ಈಗ ಐದು ತಿಂಗಳು. ಸೊಂಟ ನೋವು ಯಾವಾಗ್ಲೋ ಹೋಯ್ತು, ಲಂಗ ಮಾತ್ರ ಇವತ್ತಿಗೂ ಕೂತ್ಕೊಂಡೇ ಹಾಕ್ಕೊಳ್ಳೋದು.