ಹಳೆ ಬೆಳ್ಳಿ ರೂಪಾಯಿ: ಕೊಳ್ಳುವಾಗಲೂ ಮಾರುವಾಗಲೂ ‘ವೀಕ್ ಸ್ಟ್ರೈಕ್’ ಮಾತಿಗೆ ಎಚ್ಚರ

ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿ ಮನೆಯಲ್ಲಿ ಇರುವವರು, ಹೊಸದಾಗಿ ನಾಣ್ಯ ಕೂಡಿಡಲು ಶುರು ಮಾಡಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಬ್ಬನೇ ಡೀಲರ್ ನಮ್ಮ ಮನೆಯವರಿಗೆ ಎರಡು ಸಲ ಟೋಪಿ ಹಾಕಿದ. ಒಮ್ಮೆ ನಮ್ಮಿಂದ ಕೊಳ್ಳುವಾಗ, ಇನ್ನೊಮ್ಮೆ ನಮಗೆ ಮಾರುವಾಗ. ಎರಡೂ ಸಲ ಮಾತು ಬಂದದ್ದು ಒಂದೇ ಜಾಗದ ಬಗ್ಗೆ: ರಾಜನ ಕಿವಿ ಮತ್ತು ಕಿರೀಟದ ನಡುಭಾಗ. ಅಲ್ಲಿ ಅಚ್ಚು ಚಪ್ಪಟೆಯಾಗಿತ್ತು. ಅದು ಸವೆತವೋ, ಟಂಕಸಾಲೆಯಲ್ಲೇ ಪೆಟ್ಟು ಸರಿಯಾಗಿ ಬೀಳದ ‘ವೀಕ್ ಸ್ಟ್ರೈಕ್’ ಆಗಿತ್ತೋ ಎನ್ನುವುದೇ ಪ್ರಶ್ನೆ.

ಮೊದಲನೆಯದು ದೊಡ್ಡಪ್ಪನ ನಾಣ್ಯ, 1918ರದ್ದು. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ಡೀಲರ್ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ, “ಯಜಮಾನ್ರೇ, ಕಿವಿ ಸವೆದುಹೋಗಿದೆ. ತುಂಬಾ ಕೈ ಬದಲಾಗಿದೆ. ಬೆಳ್ಳಿ ತೂಕಕ್ಕೆ ಕೊಟ್ಟುಬಿಡಿ” ಅಂದ. ಈ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಬೆಳ್ಳಿ. ದೊಡ್ಡಪ್ಪ ನಂಬಿ ಕೊಟ್ಟರು. ಮಾರುವ ಮುಂಚೆ ಅವರ ಮಗಳು ಮೊಬೈಲಿನಲ್ಲಿ ಅದರ ವಿಡಿಯೊ ಮಾಡಿದ್ದಳು. ಆಮೇಲೆ ಅದನ್ನು ನೋಡಿದ ಹಿರಿಯ ಸಂಗ್ರಾಹಕರೊಬ್ಬರು ತಲೆ ಚಚ್ಚಿಕೊಂಡರು. ನಾಣ್ಯ ವಾಲಿದಂತೆಲ್ಲ ಹೊಳಪು ಕಿವಿಯ ಮೇಲೂ ಹಾದು ಹೋಗುತ್ತಿತ್ತು. ಅದು ಸವೆತವೇ ಅಲ್ಲ, ವೀಕ್ ಸ್ಟ್ರೈಕ್.

ಎರಡನೆಯದು ನಮ್ಮ ಭಾವ ಅವನಿಂದಲೇ ಕೊಂಡದ್ದು, 1917ರದ್ದು. ದೊಡ್ಡಪ್ಪನ ವಿಷಯ ಆಗ ನಮಗಿನ್ನೂ ಗೊತ್ತಿರಲಿಲ್ಲ. “ಕಿವಿ ಚಪ್ಪಟೆ ಇದೆಯಲ್ಲ?” ಎಂದು ಭಾವ ಕೇಳಿಯೇ ಕೇಳಿದರು. “ಅದು ವೀಕ್ ಸ್ಟ್ರೈಕ್ ಸಾರ್, ಟಂಕಸಾಲೆಯಿಂದ ಬಂದದ್ದೇ ಹಾಗೆ. ಪಕ್ಕಾ ಯುಎನ್‌ಸಿ” ಅಂದ. ಯುಎನ್‌ಸಿ ಅಂದರೆ ಚಲಾವಣೆಗೇ ಹೋಗದ ನಾಣ್ಯ. ನಾಣ್ಯದ ಸ್ಥಿತಿ ನೋಡಿ ಅಂಕಿ ಕೊಡುವ ಗ್ರೇಡಿಂಗ್ ಕಂಪನಿಗೆ ಕಳುಹಿಸಿದಾಗ ಯುಎನ್‌ಸಿ ಅಲ್ಲ, ‘ಎಯು ಡೀಟೇಲ್ಸ್, ಕ್ಲೀನ್ಡ್’ ಎಂದು ಬಂತು. ಗ್ರೇಡಿನ ಅಂಕಿಯೇ ಇಲ್ಲ. ಸವೆದಿದ್ದು ನಿಜ, ಮೇಲಾಗಿ ಉಜ್ಜಿ ಬೆಳಗಿಸಿದ್ದು. ದುಡ್ಡು ವಾಪಸ್ ಕೇಳಿದರೆ, ಅದು ಗ್ರೇಡಿಂಗ್‌ನವರ ಅಭಿಪ್ರಾಯ ಎಂದು ಕೈ ತೊಳೆದುಕೊಂಡ.

ವೀಕ್ ಸ್ಟ್ರೈಕ್ ಎನ್ನುವುದು ಸುಳ್ಳಲ್ಲ, ನಿಜವಾಗಿಯೂ ಇದೆ. ಅದಕ್ಕೇ ಈ ಮಾತು ಇಷ್ಟು ಸುಲಭವಾಗಿ ಚಲಾವಣೆ ಆಗುವುದು. ಮೊದಲ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆಗಳು ಕೋಟಿಗಟ್ಟಲೆ ರೂಪಾಯಿ ಹೊಡೆದವು. ಬೆಳ್ಳಿ ಸಾಲದೆ ಹೋಯಿತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು 27 ಕೋಟಿಯಷ್ಟು ತನ್ನದೇ ಬೆಳ್ಳಿ ಡಾಲರ್ ಕರಗಿಸಿತು. ಅದರ ಹೆಚ್ಚಿನ ಪಾಲು ಬ್ರಿಟನ್ ಮೂಲಕ ಇಲ್ಲಿಯ ರೂಪಾಯಿಗಳಿಗೇ ಬಂತು. ಅಷ್ಟು ಹೊಡೆಯುವಾಗ ಎಲ್ಲವೂ ಚೊಕ್ಕವಾಗಿ ಬರುವುದಿಲ್ಲ. ಅಚ್ಚೊತ್ತುವ ಡೈ ಹಳೆಯದಾಗಿದ್ದರೆ, ಪೆಟ್ಟಿನ ಬಲ ಸಾಲದಿದ್ದರೆ, ಬೆಳ್ಳಿ ಡೈಯ ಆಳಕ್ಕೆ ತುಂಬುವುದಿಲ್ಲ. ನಾಣ್ಯದ ಮೇಲೆ ಎದ್ದು ಕಾಣಬೇಕಾದ ಭಾಗವೇ ಚಪ್ಪಟೆ ಉಳಿಯುತ್ತದೆ. ಸವೆತ ಕೂಡ ಮೊದಲು ತಿನ್ನುವುದು ಅದೇ ಎತ್ತರದ ಭಾಗವನ್ನು. ಗೊಂದಲ ಹುಟ್ಟುವುದೇ ಇಲ್ಲಿ.

ಇವೆರಡನ್ನು ಬೇರೆ ಮಾಡಿ ನೋಡಲು ಆಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಟೇಬಲ್ ಲ್ಯಾಂಪ್ ಹಚ್ಚಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ವಾಲಿಸಿ. ಪೆಟ್ಟು ಬಿದ್ದಾಗ ಲೋಹ ಹೊರಕ್ಕೆ ಹರಿದು ಬಿಟ್ಟ ಸಣ್ಣ ಗೆರೆಗಳು ಉಳಿದಿದ್ದರೆ, ಬೆಳಕು ಗಾಡಿ ಚಕ್ರದ ಅರಗಳಂತೆ ಸುತ್ತುತ್ತದೆ. ವೀಕ್ ಸ್ಟ್ರೈಕ್ ಆಗಿದ್ದರೆ ಆ ಬೆಳಕು ಚಪ್ಪಟೆ ಜಾಗದಲ್ಲೂ ಸತ್ತಿರುವುದಿಲ್ಲ, ಬಣ್ಣವೂ ಸುತ್ತಲಿನಂತೆಯೇ ಇರುತ್ತದೆ. ಸವೆದಿದ್ದರೆ ಬೆಳಕು ಅಲ್ಲಿಗೆ ಬಂದು ನಿಂತುಬಿಡುತ್ತದೆ, ಮಂಕು ಬೂದು ಬಣ್ಣ ಕಾಣುತ್ತದೆ. ಹಿಂಬದಿಯನ್ನೂ ತಿರುಗಿಸಿ ನೋಡಿ. ಚಪ್ಪಟೆ ಜಾಗಕ್ಕೆ ನೇರ ಬೆನ್ನಿಗಿರುವ ಭಾಗವೂ ಮಸುಕಾಗಿದ್ದರೆ ವೀಕ್ ಸ್ಟ್ರೈಕ್ ಇರಬಹುದು, ಏಕೆಂದರೆ ಎರಡೂ ಕಡೆಗೆ ಬೇಕಾದ ಲೋಹ ಒಂದೇ. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯನ್ನೂ ಲೂಪಿನಲ್ಲಿ ಹುಡುಕಿ. 1911ರಲ್ಲಿ ಅದು ಹಂದಿಯಂತೆ ಕಾಣುತ್ತದೆ ಎಂದು ಗಲಾಟೆ ಎದ್ದು, 1912ರಲ್ಲಿ ತಿದ್ದಿದರು. ಅಷ್ಟು ಸಣ್ಣ ಆಕೃತಿ ಎಷ್ಟು ಸ್ಪಷ್ಟವಾಗಿ ಮೂಡಿದೆ ಎನ್ನುವುದೂ ಒಂದು ಸುಳಿವು.

ಗ್ರೇಡಿಂಗ್ ಅಳತೆ 1ರಿಂದ 70ರವರೆಗೆ. 60ರಿಂದ ಮೇಲೆ ಚಲಾವಣೆಗೆ ಹೋಗದ ನಾಣ್ಯ, 50ರಿಂದ 58ರವರೆಗೆ ಎಯು, ಅಂದರೆ ಚೂರೇ ಚೂರು ಸವೆದದ್ದು. ವೀಕ್ ಸ್ಟ್ರೈಕ್ ಇದ್ದ ಮಾತ್ರಕ್ಕೆ ನಾಣ್ಯ 60ರ ಕೆಳಗೆ ಬೀಳುವುದಿಲ್ಲ, ಮೇಲಿನ ಅಂಕಿಗೆ ಹೋಗಲು ಮಾತ್ರ ಅಡ್ಡಿ. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಗುಲಿ ಆಗುವ ಕಚ್ಚುಗಳೂ ಹಾಗೆಯೇ. ಆದರೆ ಅವು ಎಲ್ಲಿವೆ ಎನ್ನುವುದು ಮುಖ್ಯ. ಗಡ್ಡದಲ್ಲಿ, ಹಿಂಬದಿಯ ಹೂಬಳ್ಳಿಯಲ್ಲಿ ಅಡಗಿದ ಕಚ್ಚಿಗೆ ಅಷ್ಟು ದಂಡ ಇಲ್ಲ. ಕೆನ್ನೆಯ ಮೇಲೆ ಅಥವಾ ಮುಖದ ಎದುರಿನ ಬಯಲು ಜಾಗದಲ್ಲಿ ಅದೇ ಕಚ್ಚು ಇದ್ದರೆ ಅಂಕಿ ಇಳಿಯುತ್ತದೆ.

ಉಜ್ಜಿದ ಗೀರಿನ ಕಥೆಯೇ ಬೇರೆ. ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿನಲ್ಲಿ ಸಾಲಾಗಿ ಕಾಣುತ್ತವೆ. ನಾಣ್ಯವೆಲ್ಲ ಬೆಳ್ಳಗೆ ಹೊಳೆಯುತ್ತದೆ, ಆದರೆ ಬೆಳಕಿನ ಅರಗಳು ತಿರುಗುವುದಿಲ್ಲ. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿರುತ್ತದೆ. ಭಾವನ ನಾಣ್ಯದಲ್ಲಿ ‘ಎಂಪರರ್’ ಎಂಬ ಅಕ್ಷರಗಳ ಸುತ್ತ ಇದೇ ಇತ್ತು. ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ರೂಪಾಯಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವ ರೂಢಿ ಇದೆ ಅಲ್ವಾ? ಪೂಜೆಯ ನಾಣ್ಯ ಪೂಜೆಗೇ ಇರಲಿ. ಮಾರುವ ಯೋಚನೆ ಇರುವ ನಾಣ್ಯಕ್ಕೆ ಮಾತ್ರ ಬಟ್ಟೆ ಕೂಡ ತಾಗಿಸಬೇಡಿ. ವರ್ಷಗಟ್ಟಲೆ ಕೂತ ಕಪ್ಪು ಛಾಯೆ ಒಮ್ಮೆ ಹೋದರೆ ಜೊತೆಗೆ ಬೆಲೆಯೂ ಹೋಗುತ್ತದೆ.

ಇನ್ನು ಮೇಲೆ ಯಾರಾದರೂ ‘ವೀಕ್ ಸ್ಟ್ರೈಕ್, ಯುಎನ್‌ಸಿ’ ಎಂದು ಮಾರಿದರೆ ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕ್ಲೀನ್ಡ್ ಎಂದು ಬಂದರೆ ವಾಪಸ್ ತಗೋತೀನಿ ಎಂಬುದನ್ನೂ ಬರೆಸಿ. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ. ಮಾರುವವರು ಬರೀ ಫೋಟೊ ಕಳಿಸಿದರೆ, ಒಂದೇ ದೀಪದ ಕೆಳಗೆ ವಾಲಿಸುವ ವಿಡಿಯೊ ಕೇಳಿ. ನೀವೇ ಮಾರುತ್ತಿದ್ದರೆ ಅದೇ ವಿಡಿಯೊ ಮಾಡಿಟ್ಟುಕೊಂಡು ಕಡೇಪಕ್ಷ ಇಬ್ಬರಿಗೆ ತೋರಿಸಿ, ಆಮೇಲೆ ಬೆಲೆ ಮಾತಾಡಿ. ಸ್ಲ್ಯಾಬ್‌ನಲ್ಲಿ, ಅಂದರೆ ಗ್ರೇಡಿಂಗ್ ಕಂಪನಿ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಇರುವ ನಾಣ್ಯ ಎಂದರೂ ಸುಮ್ನೆ ನಂಬಬೇಡಿ, ನಕಲಿ ಸ್ಲ್ಯಾಬ್‌ಗಳೂ ಓಡಾಡುತ್ತಿವೆ. ಗ್ರೇಡಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ಸರ್ಟಿಫಿಕೇಟ್ ನಂಬರ್ ಹಾಕಿ. ಅಲ್ಲಿ ಫೋಟೊ ಇದ್ದರೆ ಕೈಯಲ್ಲಿರುವ ನಾಣ್ಯದ ಕಚ್ಚು, ಕಲೆಗಳನ್ನು ಒಂದೊಂದಾಗಿ ತಾಳೆ ನೋಡಿ.