ಎನ್‌ವಿಡಿಯಾ ಸ್ಟುಡಿಯೋ ಡ್ರೈವರ್: ಎಡಿಟಿಂಗ್ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು. ಆದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಈ ಸಾಫ್ಟ್‌ವೇರ್, ಇನ್‌ಸ್ಟಾಲರ್‌ನಲ್ಲಿ ‘ಎಕ್ಸ್‌ಪ್ರೆಸ್’ ಒತ್ತಿ ಟೀ ಕುಡಿಯಲು ಎದ್ದು ಹೋಗುವಂಥದ್ದಲ್ಲ.

2019ರಲ್ಲಿ ಬಂದ ಸ್ಟುಡಿಯೋ ಡ್ರೈವರಿಗೂ ಗೇಮರ್‌ಗಳ ಗೇಮ್ ರೆಡಿ ಡ್ರೈವರಿಗೂ ಬುಡ ಒಂದೇ. ಗೇಮ್ ರೆಡಿ ಹೊಸ ಗೇಮ್ ಬಂದಾಗಲೆಲ್ಲ ಬರುತ್ತದೆ. ಸ್ಟುಡಿಯೋ ಅದಕ್ಕಿಂತ ಕಡಿಮೆ ಸಲ ಬರುತ್ತದೆ, ಅದೂ ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಥರದ ಸಾಫ್ಟ್‌ವೇರ್‌ಗಳಲ್ಲಿ ಪರೀಕ್ಷೆ ಮುಗಿಸಿಕೊಂಡು. ಇದರಿಂದ ರೆಂಡರ್ ಜೋರಾಗುತ್ತದೆ ಅಂದುಕೊಂಡವರಿಗೆ ನಿರಾಸೆಯೇ ಗತಿ. ಡೆಲಿವರಿ ಹಿಂದಿನ ರಾತ್ರಿ ಟೈಮ್‌ಲೈನ್ ಕೈಕೊಡುವ ಸಂಭವ ಕಡಿಮೆಯಾಗುತ್ತದೆ, ಅಷ್ಟೇ. ಮದುವೆ ವಿಡಿಯೋ ಮಾಡುವವರಿಗೆ ಅದೇನು ಸಣ್ಣ ಲಾಭವಲ್ಲ.

ಡೌನ್‌ಲೋಡ್ ಮಾಡುವಾಗ ಕಾರ್ಡಿನ ಹೆಸರಿನ ಪಕ್ಕ ‘ನೋಟ್‌ಬುಕ್ಸ್’ ಎಂದಿರುವ ಸಾಲನ್ನೇ ಆರಿಸಿ. ಡೆಸ್ಕ್‌ಟಾಪಿನದು ಇಳಿಸಿಕೊಂಡರೆ, ಹೊಂದುವ ಹಾರ್ಡ್‌ವೇರ್ ಕಾಣಲಿಲ್ಲ ಎಂದು ಇನ್‌ಸ್ಟಾಲರ್ ಅಲ್ಲೇ ನಿಲ್ಲಬಹುದು. ಸರಿಯಾದ ಫೈಲ್ ಇದ್ದೂ ಅದೇ ಮಾತು ಬಂತೇ? ಲ್ಯಾಪ್‌ಟಾಪ್ ಕಂಪನಿಯ ಆ್ಯಪ್‌ನಲ್ಲಿ ಬ್ಯಾಟರಿ ಉಳಿಸುವ ‘ಇಕೋ’ ಮೋಡ್ ಆನ್ ಇದೆಯೇ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಅದು ಎನ್‌ವಿಡಿಯಾ ಕಾರ್ಡನ್ನೇ ಮಲಗಿಸಿಬಿಡುತ್ತದೆ. ಇಲ್ಲದ ಕಾರ್ಡನ್ನು ಇನ್‌ಸ್ಟಾಲರ್ ಎಲ್ಲಿಂದ ಹುಡುಕೀತು! ಸೆಕೆಂಡ್‌ಹ್ಯಾಂಡ್‌ನಲ್ಲಿ ಜಿಟಿಎಕ್ಸ್ 1050, 1060 ಇರುವ ಲ್ಯಾಪ್‌ಟಾಪ್ ತಂದವರಿಗೆ 580 ಸಾಲಿನ ಡ್ರೈವರೇ ಕೊನೆ. ಆಮೇಲೆ ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ. 1650ಕ್ಕೆ ಈ ತೊಂದರೆ ಇಲ್ಲ.

ಮಾಮೂಲಿ ಅಪ್‌ಡೇಟಿಗೆ ‘ಕಸ್ಟಮ್’ ಆರಿಸಿ ‘ಕ್ಲೀನ್ ಇನ್‌ಸ್ಟಾಲೇಶನ್’ ಟಿಕ್ ಮಾಡಿದರೆ ಸಾಕು. ನಡುವೆ ಸ್ಕ್ರೀನ್ ಕೆಲವು ಸೆಕೆಂಡ್ ಕಪ್ಪಾಗುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಿದಿರೋ, ಅರ್ಧಂಬರ್ಧ ಡ್ರೈವರ್ ಕೂತು ನಿಜವಾದ ತಲೆನೋವು ಶುರುವಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ‘ಕೋಡ್ 43’ ಕಾಣಿಸಿಕೊಂಡರೆ ಹಳೆಯ ಡ್ರೈವರನ್ನು ಬೇರುಸಹಿತ ಕೀಳುವ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಎಂಬ ಉಚಿತ ಟೂಲ್ ಬಳಸಿ. ಪ್ರತಿ ಅಪ್‌ಡೇಟಿಗೂ ಇದನ್ನು ಓಡಿಸುವುದು ನೆಗಡಿಗೆ ಮೂಗು ಕೊಯ್ದ ಹಾಗೆ. ಬಳಸಲೇಬೇಕಾದಾಗ ಕ್ರಮ ತಪ್ಪಬೇಡಿ.

ಮೊದಲು ಇಂಟೆಲ್ (ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್) ಮತ್ತು ಎನ್‌ವಿಡಿಯಾ ಎರಡರ ಡ್ರೈವರನ್ನೂ ಇಳಿಸಿ ಇಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ, ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡೂ ನೆನಪಿರಲಿ. ಈ ಕೆಲಸಕ್ಕೆ ವಿಂಡೋಸನ್ನು ಸೇಫ್ ಮೋಡ್‌ನಲ್ಲಿ, ಅಂದರೆ ತೀರಾ ಅಗತ್ಯದ ಡ್ರೈವರ್‌ಗಳಷ್ಟರಲ್ಲೇ, ತೆರೆಯಬೇಕು; ಅಲ್ಲಿ ಪಿನ್ ನಡೆಯದೆ ಹೊರಗೇ ಉಳಿದವರು ಬಹಳ. ವೈಫೈ ಆಫ್ ಮಾಡಿ. ಇದನ್ನು ಮರೆತರೆ, ನೀವು ಹಳೆಯದನ್ನು ತೆಗೆದು ಮುಗಿಸುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತಂದು ಕೂರಿಸಿರುತ್ತದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ ಮತ್ತೆ ರೀಸ್ಟಾರ್ಟ್ ಮಾಡಿ 4 ಒತ್ತಿದರೆ ಸೇಫ್ ಮೋಡ್. ಡಿಡಿಯುನಲ್ಲಿ ಜಿಪಿಯು, ಎನ್‌ವಿಡಿಯಾ ಆರಿಸಿ ‘ಕ್ಲೀನ್ ಆ್ಯಂಡ್ ರೀಸ್ಟಾರ್ಟ್’. ವಾಪಸ್ ಬಂದ ಮೇಲೆ ಮೊದಲು ಇಂಟೆಲ್, ಆಮೇಲೆ ಎನ್‌ವಿಡಿಯಾ. ವೈಫೈ ಎಲ್ಲಕ್ಕಿಂತ ಕೊನೆಗೆ.

ಜೊತೆಗೆ ಬರುವ ಎನ್‌ವಿಡಿಯಾ ಆ್ಯಪ್ ಪರವಾಗಿಲ್ಲ. ಹಳೆಯ ಜಿಫೋರ್ಸ್ ಎಕ್ಸ್‌ಪೀರಿಯೆನ್ಸ್ ಹಾಗೆ ಲಾಗಿನ್ ಕೇಳಿ ಜೀವ ತಿನ್ನುವುದಿಲ್ಲ. ಸ್ಕ್ರೀನ್ ಮೇಲೆ ತೇಲುವ ಓವರ್‌ಲೇ ಮಾತ್ರ ಆಫ್ ಮಾಡಿ, ಎಡಿಟಿಂಗಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಎಲ್ಲ ಸರಿಯಾಗಿ ಕೂತ ಮೇಲೂ ರಿಸಾಲ್ವ್ ‘ಅನ್‌ಸಪೋರ್ಟೆಡ್ ಜಿಪಿಯು’ ಎಂದು ಗೊಣಗಿದರೆ ಡ್ರೈವರನ್ನು ಬೈಯುವ ಮುಂಚೆ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ. ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್. ಅಲ್ಲಿ ರಿಸಾಲ್ವ್ ಅನ್ನು ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಕೊಡಿ. ರಿಸಾಲ್ವ್‌ನ ಪ್ರಿಫರೆನ್ಸಸ್‌ನಲ್ಲಿ ‘ಮೆಮೊರಿ ಆ್ಯಂಡ್ ಜಿಪಿಯು’ ತೆರೆದು ಆಟೋ ತೆಗೆದು ‘ಕ್ಯೂಡಾ’ (CUDA, ಎನ್‌ವಿಡಿಯಾ ಕಾರ್ಡಿನ ಸ್ವಂತ ವಿಧಾನ) ಆರಿಸಿ, ಎನ್‌ವಿಡಿಯಾ ಕಾರ್ಡಿಗೆ ಮಾತ್ರ ಟಿಕ್ ಇರಲಿ. ‘ಜಿಪಿಯು ಮೆಮೊರಿ ಫುಲ್’ ಎಂಬುದು ಬೇರೆಯೇ ಕಾಯಿಲೆ. 4 ಜಿಬಿ ಕಾರ್ಡಿನಲ್ಲಿ 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ ಹೇರಿದರೆ ಯಾವ ಡ್ರೈವರ್ ತಾನೇ ಏನು ಮಾಡೀತು? ಟೈಮ್‌ಲೈನನ್ನು 1080ಕ್ಕೆ ಇಳಿಸಿ ಎಡಿಟ್ ಮಾಡಿ.

ಹೊಸ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫುಟೇಜ್ (ಬಣ್ಣದ ವಿವರ ಹೆಚ್ಚಿರುವ, ಕುಗ್ಗಿಸಿಟ್ಟ ವಿಡಿಯೋ) ತೊದಲಿದರೂ ಹಾಗೇ, ತಪ್ಪು ಡ್ರೈವರಿನದಲ್ಲ. ಆರ್‌ಟಿಎಕ್ಸ್ 50 ಸರಣಿಗಿಂತ ಹಿಂದಿನ ಕಾರ್ಡುಗಳಲ್ಲಿ ಅದನ್ನು ಬಿಡಿಸುವ ಹಾರ್ಡ್‌ವೇರೇ ಇಲ್ಲ. 11ನೇ ತಲೆಮಾರಿನಿಂದೀಚೆಗಿನ ಇಂಟೆಲ್ ಚಿಪ್‌ಗಳ ಒಳಗಿನ ಗ್ರಾಫಿಕ್ಸ್ ಅದನ್ನು ಸಲೀಸಾಗಿ ಬಿಡಿಸುತ್ತದೆ. ‘ಎರಡು ಕಾರ್ಡಿನ ಜಗಳ ಯಾಕೆ’ ಎಂದು ಇಂಟೆಲ್ ಗ್ರಾಫಿಕ್ಸ್ ಅನ್ನು ಡಿಸೇಬಲ್ ಮಾಡಿಟ್ಟಿದ್ದರೆ ಈಗಲೇ ಆನ್ ಮಾಡಿ.